ಗಲಭೆಗೆ ಕೋಟಿನ ಹೆಸರು: ಲಾಸ್ ಏಂಜಲಿಸ್, ಜೂನ್ 1943

ಗಲಭೆಗಳಿಗೆ ಸಾಮಾನ್ಯವಾಗಿ ಊರಿನ ಹೆಸರು ಅಂಟಿಕೊಳ್ಳುತ್ತದೆ, ಇಲ್ಲವೇ ಅದು ನಡೆದ ವರ್ಷದ ಹೆಸರು. ಇವತ್ತು ನಾನು ಮಾತನಾಡಲಿರುವ ಗಲಭೆಗೆ ಒಂದು ಉಡುಪಿನ ಹೆಸರಿದೆ. 1943ರ ಜೂನ್ 3ರಿಂದ 8ರವರೆಗೆ ಲಾಸ್ ಏಂಜಲಿಸ್ ನಗರದಲ್ಲಿ ನಡೆದದ್ದನ್ನು ಅಮೆರಿಕದ ಚರಿತ್ರೆಯ ಪುಸ್ತಕಗಳು ‘ಝೂಟ್ ಸೂಟ್ ಗಲಭೆ’ ಎಂದು ಕರೆಯುತ್ತವೆ. ಈ ಹೆಸರನ್ನು ಮೊದಲ ಸಲ ಕೇಳಿದವರಿಗೆ, ಝೂಟ್ ಸೂಟ್ ತೊಟ್ಟವರು ಯಾರೋ ದೊಂಬಿ ಎಬ್ಬಿಸಿದರು ಎಂದೇ ಅನಿಸುತ್ತದೆ. ನಡೆದದ್ದು ಅದಕ್ಕೆ ಪೂರ್ತಿ ಉಲ್ಟಾ. ದೊಂಬಿ ಎಬ್ಬಿಸಿದವರು ಸರ್ಕಾರದ ಸಮವಸ್ತ್ರ ತೊಟ್ಟಿದ್ದ ನಾವಿಕರು ಮತ್ತು ಸೈನಿಕರು. ಪೆಟ್ಟು ತಿಂದವರು ಬಹುಪಾಲು ಮೆಕ್ಸಿಕನ್ ಮೂಲದ ಹದಿಹರೆಯದ ಹುಡುಗರು. ಹೊಡೆದವರನ್ನು ಬಿಟ್ಟು, ಹೊಡೆಸಿಕೊಂಡವರ ಬಟ್ಟೆಯ ಹೆಸರು ಗಲಭೆಗೆ ಬಂದದ್ದು ಹೇಗೆ, ಅದರಿಂದ ಯಾರಿಗೆ ಅನುಕೂಲವಾಯಿತು ಎನ್ನುವುದೇ ನನ್ನ ವಿಷಯ. ಹಾಗಾಗಿ ಆ ಕೋಟಿನ ಹಿಂದೆಯೇ ಹೋಗೋಣ.

ಮೊದಲು ಆ ಉಡುಪನ್ನು ಕಣ್ಣಮುಂದೆ ತಂದುಕೊಳ್ಳಿ. ಕೋಟಿನ ಭುಜಕ್ಕೆ ದಪ್ಪನೆಯ ಪ್ಯಾಡು. ತೊಟ್ಟವನ ನಿಜವಾದ ಭುಜ ಎಲ್ಲಿ ಮುಗಿಯುತ್ತದೆ ಎಂಬುದೇ ತಿಳಿಯದಷ್ಟು ಅಗಲ. ಕೋಟಿನ ಅಂಚು ಬೆರಳ ತುದಿಯವರೆಗೆ, ಕೆಲವೊಮ್ಮೆ ಮೊಣಕಾಲಿನವರೆಗೂ ಇಳಿದಿರುತ್ತಿತ್ತು. ಪ್ಯಾಂಟನ್ನು ಹೊಕ್ಕುಳಿಗಿಂತ ಮೇಲೆ ಕಟ್ಟುತ್ತಿದ್ದರು. ಅದು ತೊಡೆ ಮತ್ತು ಮೊಣಕಾಲಿನ ಹತ್ತಿರ ಚೀಲದ ಹಾಗೆ ದೊಗಳೆಯಾಗಿದ್ದು, ಕಣಕಾಲಿಗೆ ಬರುವ ಹೊತ್ತಿಗೆ ಪಾದ ತೂರಿಸುವುದೇ ಕಷ್ಟ ಎನ್ನುವಷ್ಟು ಬಿಗಿಯಾಗುತ್ತಿತ್ತು. ನಿಮ್ಮಲ್ಲಿ ಬೆಲ್ ಬಾಟಮ್ ತೊಟ್ಟು ಮನೆಯಲ್ಲಿ ಬೈಸಿಕೊಂಡವರು ಕೆಲವರಾದರೂ ಇರಬೇಕು; ಆ ಪ್ಯಾಂಟನ್ನು ತಲೆಕೆಳಗು ಮಾಡಿದರೆ ಹೆಚ್ಚುಕಡಿಮೆ ಇದೇ ಆಕಾರ ಬರುತ್ತದೆ. ಇದರ ಜೊತೆಗೆ ಸೊಂಟದಿಂದ ಮೊಣಕಾಲಿನವರೆಗೆ ತೂಗಾಡುವ ಗಡಿಯಾರದ ಸರಪಳಿ, ಅಗಲ ಅಂಚಿನ ಟೋಪಿ, ಹಿಂದಕ್ಕೆ ಬಾಚಿ ಕತ್ತಿನ ಬಳಿ ಬಾತುಕೋಳಿಯ ಬಾಲದಂತೆ ಕೂಡಿಸಿದ ಕೂದಲು. ನೋಡುವವರಿಗೆ ಇದು ವಿಪರೀತ ಎನಿಸಬಹುದು. ಆದರೆ ಈ ಹೊಲಿಗೆಗೆ ಒಂದು ತರ್ಕವಿತ್ತು. 1930ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಜಾಝ್ ಕುಣಿತದ ಮನೆಗಳಲ್ಲಿ ಕಪ್ಪು ಯುವಕರ ನಡುವೆ ಬೆಳೆದ ಉಡುಪು ಇದು. ಜೊತೆಗಾತಿಯನ್ನು ಗಿರ್ರನೆ ತಿರುಗಿಸಿ, ತಾನೂ ತಿರುಗಿ, ನೆಲಕ್ಕೆ ಬಗ್ಗಿ ಏಳುವ ಆ ಕುಣಿತಕ್ಕೆ ಮೊಣಕಾಲಿನ ಬಳಿ ಬಟ್ಟೆ ಸಡಿಲವಾಗಿರಬೇಕು. ಕಾಲಿಗೆ ಸಿಕ್ಕಿ ಮುಗ್ಗರಿಸದಂತೆ ಕೆಳಗೆ ಬಿಗಿಯಾಗಿರಬೇಕು. ಲಾಸ್ ಏಂಜಲಿಸ್‌ನ ಮೆಕ್ಸಿಕನ್ ಹುಡುಗರು ಅದನ್ನು ‘ಡ್ರೇಪ್ಸ್’ ಎನ್ನುತ್ತಿದ್ದರು, ತಮ್ಮ ಬೀದಿಯ ಆಡುಮಾತಾದ ಕಾಲೊದಲ್ಲಿ ‘ತಕುಚೆ’ ಎನ್ನುತ್ತಿದ್ದರು. ಅವರ ಬಾಯಲ್ಲಿ ಅಷ್ಟಾಗಿ ಇಲ್ಲದ ‘ಝೂಟ್ ಸೂಟ್’ ಎಂಬ ಮಾತನ್ನು ಅವರ ತಲೆಗೆ ಕಟ್ಟಿದ್ದು ಪತ್ರಿಕೆಗಳು.

ಈ ಹುಡುಗರು ಯಾರು? ಇವರ ತಂದೆತಾಯಿ ಮೆಕ್ಸಿಕೊದ ಕ್ರಾಂತಿಯ ಕಾಲದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಗಡಿ ದಾಟಿ ಬಂದು ರೈಲುಹಾದಿ, ತೋಟ, ಇಟ್ಟಿಗೆಗೂಡುಗಳಲ್ಲಿ ದುಡಿದವರು. ಮಕ್ಕಳು ಹುಟ್ಟಿದ್ದು ಅಮೆರಿಕದಲ್ಲಿ, ಹುಟ್ಟಿನಿಂದಲೇ ಅಮೆರಿಕದ ಪೌರರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮೆಕ್ಸಿಕನ್ ಕುಟುಂಬಗಳನ್ನು ಲಕ್ಷಗಟ್ಟಲೆ ರೈಲು ಹತ್ತಿಸಿ ಗಡಿಯಾಚೆ ಕಳಿಸಿದಾಗ, ಅವರಲ್ಲಿ ಅನೇಕರು ಅಮೆರಿಕದಲ್ಲೇ ಹುಟ್ಟಿದ ಮಕ್ಕಳಾಗಿದ್ದರು ಎಂಬುದನ್ನು ನೋಡಿದ ಪೀಳಿಗೆ ಇದು. ಕ್ಯಾಲಿಫೋರ್ನಿಯಾದ ಹಲವು ಊರುಗಳಲ್ಲಿ ಇವರಿಗೆ ಬೇರೆಯೇ ‘ಮೆಕ್ಸಿಕನ್ ಶಾಲೆ’ ಇತ್ತು. ಸಾರ್ವಜನಿಕ ಈಜುಕೊಳಕ್ಕೆ ವಾರಕ್ಕೆ ಒಂದೇ ದಿನ ಪ್ರವೇಶ ಕೊಟ್ಟು, ಆಮೇಲೆ ನೀರು ಬದಲಾಯಿಸುವ ಪದ್ಧತಿಯೂ ಕೆಲವು ಕಡೆ ಇತ್ತು. ನೀರು ಬದಲಾಯಿಸಿದರು ಎಂದರೆ ಏನು ಅರ್ಥ ಎಂದು ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ಬಾವಿಗಳ ಚರಿತ್ರೆ ನಮಗೆ ಗೊತ್ತು.

ಆದರೆ ಕಾನೂನಿನ ಪುಸ್ತಕದಲ್ಲಿ ಇದೇ ಜನ ಬಿಳಿಯರು! ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಯುದ್ಧದ ನಂತರ, 1848ರ ಒಪ್ಪಂದದಲ್ಲಿ, ಆಗ ಬಿಳಿಯರಿಗೆ ಮಾತ್ರ ಸಿಗುತ್ತಿದ್ದ ಪೌರತ್ವವನ್ನು ಮೆಕ್ಸಿಕನ್ನರಿಗೆ ಕೊಟ್ಟದ್ದರಿಂದ ಅವರನ್ನು ಬಿಳಿಯರೆಂದು ಎಣಿಸದೆ ವಿಧಿಯಿರಲಿಲ್ಲ. 1930ರ ಜನಗಣತಿ ಅವರನ್ನು ‘ಮೆಕ್ಸಿಕನ್’ ಎಂಬ ಬೇರೆ ಜನಾಂಗವಾಗಿ ಬರೆದುಕೊಂಡಿತು. 1940ರ ಜನಗಣತಿ ಮತ್ತೆ ಬಿಳಿಯರ ಪಟ್ಟಿಗೆ ಸೇರಿಸಿತು. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಅದೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತ್ತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟಿದ್ದವರು. ಆ ಬಾಗಿಲು ನಮ್ಮವರಿಗೆ ತೆರೆದದ್ದು 1946ರ ಕಾಯಿದೆಯಿಂದ; ಆಗಲೂ ಹೊಸದಾಗಿ ವಲಸೆ ಬರಲು ಅವಕಾಶ ಸಿಕ್ಕಿದ್ದು ವರ್ಷಕ್ಕೆ ನೂರು ಮಂದಿಗೆ. ಇಂದು ಸಿಲಿಕಾನ್ ಕಣಿವೆಯ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವ ಆಚರಿಸುವ ನಮ್ಮ ಮಕ್ಕಳ ಮನೆಗಳು ಇದೇ ಕ್ಯಾಲಿಫೋರ್ನಿಯಾದಲ್ಲಿವೆ ಎಂಬ ಕಾರಣಕ್ಕೆ ಇದನ್ನು ನೆನಪಿಸಿದೆ. ಬಿಳಿಯರಲ್ಲ ಎಂದು ತೀರ್ಪು ಬಂದವರು ಬಾಗಿಲಲ್ಲೇ ನಿಂತರು. ಬಿಳಿಯರು ಎಂದು ಕಾಗದದಲ್ಲಿ ಬರೆಸಿಕೊಂಡವರು ಒಳಗೆ ಹೋಗಿಯೂ ಏಟು ತಿಂದರು. ಈಗ ವಿಷಯಕ್ಕೆ ಮರಳುತ್ತೇನೆ.

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ 9066ನೆಯ ಆದೇಶದ ಬಲದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪೌರರೇ. ಲಾಸ್ ಏಂಜಲಿಸ್‌ನ ಲಿಟ್ಲ್ ಟೋಕಿಯೊ ಕೇರಿ ಕೆಲವೇ ತಿಂಗಳಲ್ಲಿ ಬರಿದಾಯಿತು. ಅದುವರೆಗೆ ನಗರದ ಅನುಮಾನದ ಕಣ್ಣು ಯಾರ ಮೇಲಿತ್ತೋ ಅವರೇ ಇಲ್ಲವಾದರು, ಆದರೆ ಅನುಮಾನ ಉಳಿಯಿತು. ಕೇರಿ ಮೆಕ್‌ವಿಲಿಯಮ್ಸ್ ಎಂಬ ವಕೀಲ ಮತ್ತು ಪತ್ರಕರ್ತ ಆ ದಿನಗಳನ್ನು ಹತ್ತಿರದಿಂದ ಕಂಡವರು. ಜಪಾನಿಯರನ್ನು ಸಾಗಿಸಿದ ಮೇಲೆ ಪತ್ರಿಕೆಗಳ ಕಣ್ಣು ಮೆಕ್ಸಿಕನ್ ಹುಡುಗರ ಮೇಲೆ ಬಿತ್ತು ಎಂಬುದು ಅವರ ವಿಶ್ಲೇಷಣೆ. ನನಗೂ ಅದು ಸರಿ ಎನಿಸುತ್ತದೆ.

ಅದೇ ವರ್ಷ ಯುದ್ಧ ಉತ್ಪಾದನಾ ಮಂಡಳಿ ಉಣ್ಣೆಯ ಬಟ್ಟೆಯನ್ನು ಸೈನ್ಯಕ್ಕೆ ಉಳಿಸಲು ನಾಗರಿಕರ ಸೂಟುಗಳ ಅಳತೆಯನ್ನೇ ಮೊಟಕುಗೊಳಿಸಿತು. ಉಣ್ಣೆಯ ಬಳಕೆಯಲ್ಲಿ ಶೇ 26ರಷ್ಟು ಕಡಿತ. ಝೂಟ್ ಸೂಟ್ ಆ ಅಳತೆಯೊಳಗೆ ಹಿಡಿಯುವ ಉಡುಪೇ ಅಲ್ಲ. ದೊಡ್ಡ ಅಂಗಡಿಗಳು ಅದನ್ನು ಮಾರುವುದನ್ನು ನಿಲ್ಲಿಸಿದವು, ಸಣ್ಣ ದರ್ಜಿಗಳು ಕದ್ದುಮುಚ್ಚಿ ಹೊಲಿದುಕೊಡುತ್ತಲೇ ಇದ್ದರು. ಅಲ್ಲಿಗೆ ಕೋಟಿಗೆ ಹೊಸ ಅರ್ಥ ಬಂತು. ನಿನ್ನೆಯವರೆಗೆ ಷೋಕಿ ಎನಿಸಿಕೊಂಡದ್ದು ಇಂದು ದೇಶದ್ರೋಹದ ವಾಸನೆ ಹೊತ್ತಿತು. ಆ ಕೋಟು ತೊಟ್ಟವರ ಅಣ್ಣಂದಿರು, ನೆರೆಮನೆಯವರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಅದೇ ಹೊತ್ತಿನಲ್ಲಿ ಅಮೆರಿಕದ ಸೇನೆಯಲ್ಲಿದ್ದರು ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ.

ಈಗ ಸ್ಲೀಪಿ ಲಗೂನ್ ಪ್ರಕರಣ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಜೂನ್ ತಿಂಗಳ ಬೀದಿಯ ಹೊಡೆತಕ್ಕೆ ಬೇಕಾದ ತಾಲೀಮು ನ್ಯಾಯಾಲಯದಲ್ಲೇ ನಡೆದಿತ್ತು. ಸ್ಲೀಪಿ ಲಗೂನ್ ಎಂದರೆ ನಗರದಾಚೆಯ ತೋಟವೊಂದರ ನೀರಾವರಿ ಹೊಂಡ; ನಗರದ ಕೊಳಗಳಲ್ಲಿ ಪ್ರವೇಶ ಸಿಗದ ಮೆಕ್ಸಿಕನ್ ಹುಡುಗರು ಈಜುವುದಕ್ಕೆ, ಹುಡುಗ ಹುಡುಗಿಯರು ಸಂಜೆ ಕಳೆಯುವುದಕ್ಕೆ ಅಲ್ಲಿಗೆ ಹೋಗುತ್ತಿದ್ದರು. 1942ರ ಆಗಸ್ಟ್ 1ರ ರಾತ್ರಿ ಹತ್ತಿರದ ಮನೆಯೊಂದರಲ್ಲಿ ಔತಣವಿತ್ತು, ಕೊನೆಯಲ್ಲಿ ಹೊಡೆದಾಟವಾಯಿತು. ಬೆಳಗಿನ ಜಾವ ಹೋಸೆ ಡಿಯಾಸ್ ಎಂಬ 22 ವರ್ಷದ ಯುವಕ ಅಲ್ಲೇ ರಸ್ತೆಯಲ್ಲಿ ರಕ್ತದ ಮಡುವಿನಲ್ಲಿ ಸಿಕ್ಕಿದ, ಆಸ್ಪತ್ರೆಯಲ್ಲಿ ಸತ್ತ. ಪೊಲೀಸರು ಸುಮಾರು 600 ಮಂದಿ ಹುಡುಗ ಹುಡುಗಿಯರನ್ನು ಬಲೆ ಬೀಸಿ ಹಿಡಿದರು. ಒಂದು ಸಾವಿಗೆ 22 ಯುವಕರ ಮೇಲೆ ಒಟ್ಟಿಗೆ ವಿಚಾರಣೆ ನಡೆಯಿತು.

ಆ ನ್ಯಾಯಾಲಯದ ಕೊಠಡಿಯನ್ನು ಊಹಿಸಿಕೊಳ್ಳಿ. ಆರೋಪಿಗಳನ್ನು ವಕೀಲರ ಪಕ್ಕದಲ್ಲಿ ಕೂರಲು ಬಿಡಲಿಲ್ಲ. ಆಟದ ಮೈದಾನದಲ್ಲಿ ಪ್ರೇಕ್ಷಕರನ್ನು ಕೂರಿಸುವಂತೆ ಬೇರೆ ಕಡೆ ಸಾಲುಸಾಲಾಗಿ ಕೂರಿಸಿದರು. ಸಾಕ್ಷಿ ಯಾರದಾದರೂ ಹೆಸರು ಹೇಳಿದರೆ ಆ ಹುಡುಗ ಎದ್ದು ನಿಲ್ಲಬೇಕು. ಹೇಳಿದ್ದು ಒಳ್ಳೆಯದೋ ಕೆಟ್ಟದ್ದೋ, ತೀರ್ಪು ಹೇಳಬೇಕಾದ ಜ್ಯೂರಿಯವರ ಕಣ್ಣಿಗೆ ಮಾತ್ರ ಅವನು ಎದ್ದು ನಿಂತ ಅಪರಾಧಿಯಾಗಿಯೇ ಕಾಣುತ್ತಾನೆ. ವಿಚಾರಣೆಯ ಮೊದಲ ವಾರಗಳಲ್ಲಿ ಅವರಿಗೆ ಕೂದಲು ಕತ್ತರಿಸಿಕೊಳ್ಳಲು, ಬಟ್ಟೆ ಬದಲಾಯಿಸಲು ಅವಕಾಶ ಕೊಡಬಾರದೆಂದು ಸರ್ಕಾರಿ ವಕೀಲರು ಕೇಳಿದರು. ಆ ಕೂದಲು, ಆ ಉಡುಪು ಅವರು ಯಾರೆಂದು ಗುರುತಿಸಲು ಬೇಕು ಎಂಬ ವಾದ ಅಲ್ಲಿ ನಡೆಯಿತು. ಹಾಗಾಗಿ ಮಾಸಿದ ಅದೇ ಬಟ್ಟೆಯಲ್ಲಿ, ಬೆಳೆದ ಅದೇ ಕೂದಲಲ್ಲಿ ಹುಡುಗರು ದಿನವೂ ಬಂದು ಕೂತರು. ಕೊಲೆ ಮಾಡಿದ ಆಯುಧ ಸಿಕ್ಕಿರಲಿಲ್ಲ. ಇರಿದದ್ದನ್ನು ಕಂಡೆ ಎಂದು ಹೇಳುವ ಒಬ್ಬ ಸಾಕ್ಷಿಯೂ ಇರಲಿಲ್ಲ. ಇದ್ದದ್ದು ಅವರ ತಲೆ ಮತ್ತು ಅವರ ಬಟ್ಟೆ.

ಮೊಕದ್ದಮೆ ಹೂಡಬೇಕೇ ಬೇಡವೇ ಎಂದು ಮೊದಲೇ ತೀರ್ಮಾನಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿಯ ಮುಂದೆ ಷೆರಿಫ್ ಕಚೇರಿಯ ಎಡ್ವರ್ಡ್ ಡುರಾನ್ ಏರ್ಸ್ ಎಂಬ ಅಧಿಕಾರಿ ಒಂದು ವರದಿ ಇಟ್ಟರು. ಅದರ ಮೊದಲ ಭಾಗದಲ್ಲಿ ಕೆಲಸ, ವಸತಿ, ಹೋಟೆಲುಗಳಲ್ಲಿ ಮೆಕ್ಸಿಕನ್ನರಿಗೆ ಆಗುವ ತಾರತಮ್ಯವನ್ನು ಸಾಕಷ್ಟು ಸರಿಯಾಗಿಯೇ ಪಟ್ಟಿ ಮಾಡಿದ ಈ ಮನುಷ್ಯ, ಮುಂದಿನ ಪುಟಗಳಲ್ಲಿ ಅದೆಲ್ಲವನ್ನೂ ಪಕ್ಕಕ್ಕಿಟ್ಟು, ರಕ್ತ ಹರಿಸುವ ಬಯಕೆ ಮೆಕ್ಸಿಕನ್ನರಿಗೆ ಹುಟ್ಟಿನಿಂದ ಬಂದದ್ದು, ನರಬಲಿ ಕೊಡುತ್ತಿದ್ದ ಆಸ್ಟೆಕ್ ಪೂರ್ವಜರಿಂದ ಇಳಿದದ್ದು ಎಂದು ಬರೆದರು. ಸಾಕಿದ ಬೆಕ್ಕಿಗೂ ಕಾಡುಬೆಕ್ಕಿಗೂ ಹೋಲಿಕೆ ಕೊಟ್ಟು, ಕಾಡುಬೆಕ್ಕನ್ನು ಪಂಜರದಲ್ಲೇ ಇಡಬೇಕು ಎಂದರು. ಹಿಟ್ಲರನ ವಿರುದ್ಧ ಯುದ್ಧ ಮಾಡುತ್ತಿದ್ದ ದೇಶದ ಸರ್ಕಾರಿ ಕಾಗದದಲ್ಲಿ ಇದು ದಾಖಲಾಯಿತು.

1943ರ ಜನವರಿಯಲ್ಲಿ ತೀರ್ಪು ಬಂತು: ಮೂವರಿಗೆ ಮೊದಲ ದರ್ಜೆಯ ಕೊಲೆ, ಒಂಬತ್ತು ಮಂದಿಗೆ ಎರಡನೆಯ ದರ್ಜೆಯ ಕೊಲೆ, ಐವರಿಗೆ ಹಲ್ಲೆಯ ಅಪರಾಧ, ಐವರ ಬಿಡುಗಡೆ. ಆ ಗುಂಪಿನ ಹುಡುಗಿಯರಲ್ಲಿ ಕೆಲವರನ್ನು ಯಾವ ಅಪರಾಧವೂ ಸಾಬೀತಾಗದೆಯೇ ವೆಂಚುರಾದ ಸುಧಾರಣಾ ಶಾಲೆಗೆ ಕಳಿಸಿದರು. ಅವರ ಬಗ್ಗೆ ಚರಿತ್ರೆಕಾರರು ಮಾತನಾಡತೊಡಗಿದ್ದೇ ಬಹಳ ತಡವಾಗಿ.

ಇದೇ ಹೊತ್ತಿನಲ್ಲಿ ಪದವೊಂದು ಬದಲಾಯಿತು. ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಇಲ್ಲಿದೆ. 1942ರ ಮೇ ತಿಂಗಳಲ್ಲಿ ಮೆಕ್ಸಿಕೊ ಅಮೆರಿಕದ ಪಕ್ಷದಲ್ಲಿ ಯುದ್ಧಕ್ಕೆ ಇಳಿದಿತ್ತು. ಡಿಯಾಸ್ ಸತ್ತ ಎರಡೇ ದಿನಕ್ಕೆ, ಆಗಸ್ಟ್ 4ರಂದು, ಹೊಲಗಳಲ್ಲಿ ದುಡಿಯಲು ಮೆಕ್ಸಿಕೊದಿಂದ ಆಳುಗಳನ್ನು ತರಿಸಿಕೊಳ್ಳುವ ಬ್ರಸೆರೊ ಒಪ್ಪಂದಕ್ಕೆ ಸಹಿ ಬಿತ್ತು. ಮಿತ್ರರಾಷ್ಟ್ರದ ಹೆಸರನ್ನು ದಿನಬೆಳಗಾದರೆ ಅಪರಾಧದ ಸುದ್ದಿಯ ತಲೆಬರಹದಲ್ಲಿ ಹಾಕುವುದು ವಾಷಿಂಗ್ಟನ್ನಿಗೆ ಮುಜುಗರದ ಸಂಗತಿ. ‘ಮೆಕ್ಸಿಕನ್’ ಎಂಬ ಮಾತನ್ನು ಕಡಿಮೆ ಮಾಡಿ ಎಂದು ಕೇಂದ್ರದ ಅಧಿಕಾರಿಗಳು ಪತ್ರಿಕೆಗಳಿಗೆ ಸೂಚಿಸಿದರು. ಪತ್ರಿಕೆಗಳು ವಿಧೇಯವಾಗಿ ಕಡಿಮೆ ಮಾಡಿದವು. ಆ ಜಾಗದಲ್ಲಿ ‘ಝೂಟ್ ಸೂಟರ್’ ಎಂದು ಬರೆದವು, ಪಕ್ಕದಲ್ಲಿ ಫೋಟೊ ಹಾಕಿದವು. ಓದುವವನಿಗೆ ಯಾರ ಬಗ್ಗೆ ಎಂದು ಗೊತ್ತಾಗುತ್ತಿತ್ತು, ಬರೆದವನು ಯಾರ ಹೆಸರನ್ನೂ ಹೇಳಿರುತ್ತಿರಲಿಲ್ಲ. ಸಭ್ಯತೆಗಾಗಿ ಮಾಡಿದ ಸೂಚನೆ ದ್ವೇಷಕ್ಕೆ ಒಳ್ಳೆಯ ಮುಖವಾಡ ಒದಗಿಸಿತು: ಇನ್ನು ಮುಂದೆ ಒಂದು ಜನಾಂಗವನ್ನು ಬೈಯಬೇಕಾಗಿಲ್ಲ, ಕೋಟನ್ನು ಬೈದರೆ ಸಾಕು.

ಜೂನ್ ತಿಂಗಳಿಗೆ ಬರೋಣ. ನೌಕಾದಳದ ಮೀಸಲು ಪಡೆಯ ಶಸ್ತ್ರಾಗಾರ ಚಾವೆಸ್ ರವೀನ್ ಎಂಬ ಕಣಿವೆಯಲ್ಲಿತ್ತು, ಸುತ್ತಲೂ ಮೆಕ್ಸಿಕನ್ ಕುಟುಂಬಗಳ ಕೇರಿಗಳು. ರಜೆ ಸಿಕ್ಕ ನಾವಿಕರು ಪೇಟೆಗೆ ಹೋಗಬೇಕಾದರೆ ಈ ಕೇರಿಗಳನ್ನು ಹಾದೇ ಹೋಗಬೇಕು. ಅವರೂ ಹದಿನೆಂಟು, ಇಪ್ಪತ್ತರ ಹುಡುಗರು; ದೂರದ ಊರುಗಳಿಂದ ಬಂದು, ಶಾಂತಸಾಗರದ ಯುದ್ಧಕ್ಕೆ ಹಡಗು ಹತ್ತುವ ಮುಂಚಿನ ದಿನಗಳನ್ನು ಎಣಿಸುತ್ತಿದ್ದವರು. ಹಾದಿಯಲ್ಲಿ ಮಾತಿಗೆ ಮಾತು, ಹುಡುಗಿಯರ ವಿಷಯಕ್ಕೆ ಜಗಳ, ಕಲ್ಲು, ಕೈಮಿಲಾವಣೆ ತಿಂಗಳುಗಟ್ಟಲೆ ನಡೆದಿತ್ತು. ಎರಡೂ ಕಡೆ ತಪ್ಪಿತ್ತು ಎನ್ನುವುದನ್ನು ಮುಚ್ಚಿಡುವ ಕಾರಣವಿಲ್ಲ. ಮೇ 31ರಂದು ಅಂಥ ಒಂದು ಹೊಡೆದಾಟದಲ್ಲಿ ಒಬ್ಬ ನಾವಿಕನಿಗೆ ಬಲವಾಗಿ ಪೆಟ್ಟಾಯಿತು.

ಜೂನ್ 3ರ ರಾತ್ರಿ ಸುಮಾರು ಐವತ್ತು ನಾವಿಕರು ದೊಣ್ಣೆ ಹಿಡಿದು ಶಸ್ತ್ರಾಗಾರದಿಂದ ಹೊರಟರು. ಒಂದು ಚಿತ್ರಮಂದಿರಕ್ಕೆ ನುಗ್ಗಿ, ದೀಪ ಹಾಕಿಸಿ, ಸಾಲುಗಳ ನಡುವೆ ಹುಡುಕಿದರು. ಸಿಕ್ಕವರಲ್ಲಿ ಹನ್ನೆರಡು, ಹದಿಮೂರು ವರ್ಷದ ಮಕ್ಕಳೂ ಇದ್ದರು. ಎಳೆದು ಹೊಡೆದು, ಕೋಟು ಪ್ಯಾಂಟು ಬಿಚ್ಚಿ ಹರಿದು ಬೆಂಕಿಗೆ ಹಾಕಿದರು. ಮರುದಿನ ಸುಮಾರು ಇನ್ನೂರು ಮಂದಿ ಇಪ್ಪತ್ತು ಟ್ಯಾಕ್ಸಿಗಳನ್ನು ಬಾಡಿಗೆಗೆ ಹಿಡಿದು ಮೆರವಣಿಗೆಯಂತೆ ಪೂರ್ವ ಲಾಸ್ ಏಂಜಲಿಸ್‌ಗೆ ಹೊರಟರು. ಸೂಟು ಕಂಡಲ್ಲಿ ಟ್ಯಾಕ್ಸಿ ನಿಲ್ಲುತ್ತಿತ್ತು, ಕೆಲಸ ಮುಗಿದ ಮೇಲೆ ಮುಂದಕ್ಕೆ. ಪತ್ರಿಕೆಗಳು ಇದನ್ನು ಗಲಭೆ ಎಂದು ಬರೆಯಲಿಲ್ಲ, ಪುಂಡರಿಗೆ ಕಲಿಸಿದ ಪಾಠ ಎಂದು ಬರೆದವು. ಝೂಟ್ ಸೂಟ್ ತೊಟ್ಟವನನ್ನು ಹಿಡಿದು ಬಟ್ಟೆ ಕಳಚುವುದು ಹೇಗೆಂದು ಅಡುಗೆಯ ವಿಧಾನ ಹೇಳುವ ಧಾಟಿಯಲ್ಲಿ ಅಚ್ಚು ಹಾಕಿದ್ದೂ ಉಂಟು. ಜೂನ್ 7ರ ಸೋಮವಾರ ರಾತ್ರಿ ಪೇಟೆಯ ಬೀದಿಗಳಲ್ಲಿ ಸಾವಿರಾರು ಜನ ಸೇರಿದರು; ಈಗ ನಾವಿಕರ ಜೊತೆ ಸೈನಿಕರು, ಸೈನಿಕರ ಜೊತೆ ಸಾಮಾನ್ಯ ನಾಗರಿಕರು. ಟ್ರಾಮ್‌ಗಳನ್ನು ನಿಲ್ಲಿಸಿ ಒಳಗಿದ್ದ ಮೆಕ್ಸಿಕನ್ನರನ್ನು, ಕಪ್ಪು ಜನರನ್ನು, ಫಿಲಿಪಿನೊಗಳನ್ನು ಹೊರಗೆಳೆದರು. ಈ ಹೊತ್ತಿಗೆ ಸೂಟಿನ ನೆಪವೂ ಉದುರಿತ್ತು. ಕೆಲಸದ ಬಟ್ಟೆಯಲ್ಲಿದ್ದವರಿಗೂ ಏಟು ಬಿತ್ತು. ತಿರುಗಿ ಹೊಡೆದವರೂ ಇದ್ದರು. ಸೆಂಟ್ರಲ್ ಅವೆನ್ಯೂ ಕಡೆ ಕಪ್ಪು ಹುಡುಗರೂ ಮೆಕ್ಸಿಕನ್ ಹುಡುಗರೂ ಒಟ್ಟುಗೂಡಿ ನಿಂತರು.

ಪೊಲೀಸರು ಎಲ್ಲಿದ್ದರು ಎಂದು ನೀವು ಕೇಳುತ್ತೀರಿ. ಹಿಂದೆಯೇ ಇದ್ದರು. ಗುಂಪು ಮುಂದೆ ಹೋದ ಮೇಲೆ ನಿಧಾನವಾಗಿ ಬಂದು, ಬೀದಿಯಲ್ಲಿ ಅರೆಬೆತ್ತಲೆ ಬಿದ್ದಿದ್ದ ಹುಡುಗರನ್ನು ಎತ್ತಿ, ಶಾಂತಿ ಕದಡಿದ ಆರೋಪ ಹೊರಿಸಿ ಠಾಣೆಗೆ ಒಯ್ಯುತ್ತಿದ್ದರು. ಆ ದಿನಗಳಲ್ಲಿ 500ಕ್ಕೂ ಹೆಚ್ಚು ಮೆಕ್ಸಿಕನ್ ಅಮೆರಿಕನ್ ಯುವಕರು ಬಂಧಿತರಾದರು. ನಾವಿಕರು, ಸೈನಿಕರು ಬೆರಳೆಣಿಕೆಯಷ್ಟು. ಯಾರೂ ಸಾಯಲಿಲ್ಲ ಎಂಬುದನ್ನು ಹೇಳಬೇಕು. ಅದೇ ತಿಂಗಳು ಡೆಟ್ರಾಯಿಟ್ ನಗರದ ಜನಾಂಗೀಯ ಗಲಭೆಯಲ್ಲಿ 34 ಜನ ಸತ್ತರು. ಲಾಸ್ ಏಂಜಲಿಸ್‌ನಲ್ಲಿ ಗುಂಪಿಗೆ ಬೇಕಾಗಿದ್ದದ್ದು ಬೇರೆ ಎಂದು ನನಗೆ ಅನಿಸುತ್ತದೆ. ತನ್ನ ದುಡಿಮೆಯ ಹಣ ಕೂಡಿಟ್ಟು ಹೊಲಿಸಿದ ಕೋಟನ್ನು ಕೇರಿಯ ಜನ ನೋಡುತ್ತಿದ್ದಂತೆಯೇ ಕಳಚಿಸುವುದು, ಆ ಕೂದಲನ್ನು ಕತ್ತರಿಸುವುದು. ನೀನು ಎದೆ ಸೆಟೆಸಿ ನಡೆಯುವ ಜಾಗ ಇದಲ್ಲ ಎಂದು ತಿಳಿಸುವುದು. ಹೊಸ ಬಟ್ಟೆ ತೊಟ್ಟದ್ದಕ್ಕೆ, ಮೀಸೆ ತಿರುವಿದ್ದಕ್ಕೆ ಪೆಟ್ಟು ತಿಂದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಈಗಲೂ ಬರುತ್ತದೆ, ಆದ್ದರಿಂದ ಈ ಮಾತು ನಿಮಗೆ ದೂರದ್ದೆನಿಸಲಾರದು.

ಜೂನ್ 8ರಂದು ಸೇನೆಯ ಹಿರಿಯ ಅಧಿಕಾರಿಗಳು ಲಾಸ್ ಏಂಜಲಿಸ್ ನಗರಕ್ಕೆ ತಮ್ಮವರು ಕಾಲಿಡಕೂಡದೆಂದು ಆಜ್ಞೆ ಮಾಡಿದ ಮೇಲೆ ಬೀದಿಗಳು ತಣ್ಣಗಾದವು. ನಾವಿಕರನ್ನು ಬಿಟ್ಟರೆ ಗಲಭೆಯೇ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೂ ನೌಕಾದಳದ ಅಡ್ಮಿರಲ್ ತಮ್ಮ ಹುಡುಗರು ಆತ್ಮರಕ್ಷಣೆಗಾಗಿ ಹೊಡೆದರು ಎಂದರು. ಮೇಯರ್ ಫ್ಲೆಚರ್ ಬೌರನ್ ಇದರಲ್ಲಿ ಜನಾಂಗದ ಪ್ರಶ್ನೆಯೇ ಇಲ್ಲ ಎಂದರು. ಜೂನ್ 9ರಂದು ನಗರಸಭೆ ಕೂಡಿ, ನಗರದೊಳಗೆ ಝೂಟ್ ಸೂಟ್ ತೊಡುವುದನ್ನೇ ಅಪರಾಧವಾಗಿಸುವ ನಿರ್ಣಯವನ್ನು ಅಂಗೀಕರಿಸಿತು! ಅದು ಜಾರಿಯ ಕಾನೂನಾಗಲಿಲ್ಲ. ಒಂದು ವಾರದ ನಂತರ ಅಧ್ಯಕ್ಷರ ಪತ್ನಿ ಎಲಿನರ್ ರೂಸ್‌ವೆಲ್ಟ್ ತಮ್ಮ ಪತ್ರಿಕಾ ಅಂಕಣದಲ್ಲಿ, ಪ್ರಶ್ನೆ ಸೂಟಿಗಿಂತ ಆಳದ್ದು, ಇದು ಬಹಳ ಹಿಂದಿನಿಂದ ಬೇರುಬಿಟ್ಟ ಜನಾಂಗೀಯ ಸಮಸ್ಯೆ ಎಂದು ಬರೆದರು. ಲಾಸ್ ಏಂಜಲಿಸ್ ಟೈಮ್ಸ್ ಅವರ ಮೇಲೆಯೇ ಹರಿಹಾಯ್ದು, ಜನಾಂಗಗಳ ನಡುವೆ ಒಡಕು ತರುತ್ತಿದ್ದಾರೆಂದು ಆರೋಪಿಸಿತು. ರಾಜ್ಯಪಾಲ ಅರ್ಲ್ ವಾರೆನ್ ಅವರು ಬಿಷಪ್ ಜೋಸೆಫ್ ಮೆಕ್‌ಗಕೆನ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ ಮಾತ್ರ ಜನಾಂಗೀಯ ಪೂರ್ವಗ್ರಹವೂ ಕಾರಣವೆಂದು ಒಪ್ಪಿಕೊಂಡು, ಪತ್ರಿಕೆಗಳ ಪಾತ್ರವನ್ನೂ ಹೆಸರಿಸಿತು. ಇದೇ ವಾರೆನ್ ಹಿಂದಿನ ವರ್ಷ ಜಪಾನಿ ಮೂಲದವರನ್ನು ಸಾಗಿಸಬೇಕೆಂದು ಗಟ್ಟಿಯಾಗಿ ವಾದಿಸಿದ್ದರು. ಹನ್ನೊಂದು ವರ್ಷದ ಮೇಲೆ, 1954ರಲ್ಲಿ, ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾಗಿ ಶಾಲೆಗಳಲ್ಲಿನ ಜನಾಂಗ ಪ್ರತ್ಯೇಕತೆಯನ್ನು ಸಂವಿಧಾನಬಾಹಿರ ಎಂದರು. ಒಬ್ಬ ಮನುಷ್ಯನಲ್ಲಿ ಎಷ್ಟು ಮಂದಿ ಇರುತ್ತಾರೆ ನೋಡಿ.

ಸ್ಲೀಪಿ ಲಗೂನ್ ಹುಡುಗರಿಗಾಗಿ ಮೆಕ್‌ವಿಲಿಯಮ್ಸ್ ಅಧ್ಯಕ್ಷರಾಗಿದ್ದ ರಕ್ಷಣಾ ಸಮಿತಿ ಹಣ ಕೂಡಿಸಿತು. ಹೋಸೆಫಿನಾ ಫಿಯೆರೊ, ಆಲಿಸ್ ಗ್ರೀನ್‌ಫೀಲ್ಡ್‌ರಂಥವರು ಅದರ ಹಿಂದೆ ದುಡಿದರು, ಹಾಲಿವುಡ್ಡಿನ ಆರ್ಸನ್ ವೆಲ್ಸ್, ಆಂಟನಿ ಕ್ವಿನ್ ಬೆಂಬಲಕ್ಕೆ ನಿಂತರು. 1944ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಸಾಕ್ಷ್ಯ ಸಾಲದು, ಆರೋಪಿಗಳಿಗೆ ವಕೀಲರೊಡನೆ ಮಾತನಾಡುವ ಹಕ್ಕು ಸಿಗಲಿಲ್ಲ ಎಂದು ಎಲ್ಲ ಶಿಕ್ಷೆಗಳನ್ನೂ ರದ್ದುಮಾಡಿತು. ಸರ್ಕಾರ ಮತ್ತೆ ಮೊಕದ್ದಮೆ ಹೂಡಲಿಲ್ಲ. ಸಾನ್ ಕ್ವೆಂಟಿನ್ ಸೆರೆಮನೆಯಿಂದ ಹುಡುಗರು ಹೊರಬಂದರು, ಸುಮಾರು ಎರಡು ವರ್ಷ ಕಳೆದುಕೊಂಡು.

ಈ ಗದ್ದಲದಲ್ಲಿ ಹೋಸೆ ಡಿಯಾಸ್‌ನ ಹೆಸರು ಎಲ್ಲರಿಗೂ ಮರೆತಿತ್ತು. ಮೆಕ್ಸಿಕೊದ ಡುರಾಂಗೊದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದು, ತರಕಾರಿ ಕಟ್ಟುವ ಕೆಲಸ ಮಾಡುತ್ತಿದ್ದವನು ಅವನು. ಸೇನೆಗೆ ಸೇರಲು ಅವನಿಗೆ ಕರೆ ಬಂದಿತ್ತು. ಆ ಔತಣ ಮುಗಿದು ಕೆಲವೇ ದಿನಗಳಲ್ಲಿ ಅವನು ಹೋಗಿ ಹಾಜರಾಗಬೇಕಿತ್ತು. ಅವನನ್ನು ಕೊಂದವರು ಯಾರೆಂದು ಇಂದಿಗೂ ಸಾಬೀತಾಗಿಲ್ಲ.